ಜೀನ್ ಇದ್ದರೆ ಸಾಲದು, ಚಾಲೂ ಆಗಬೇಕು

ಹಿರೇಹಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: "ಗಂಡಿಗೆ ಎಕ್ಸ್‌ವೈ, ಹೆಣ್ಣಿಗೆ ಎಕ್ಸ್‌ಎಕ್ಸ್ ಎಂದು ಶಾಲೆಯಲ್ಲಿ ಕಲಿತೆವು. ಎಕ್ಸ್‌ವೈ ಇದ್ದೂ ಹೆಣ್ಣಾಗಿ ಬೆಳೆದವರಿದ್ದಾರಂತೆ. ಅದು ಹೇಗೆ?"

ಉತ್ತರದ ಒಂದು ಎಳೆ ಅವರ ಊರಿನ ತೋಟದಲ್ಲೇ ಸಿಗುತ್ತದೆ. ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವಿರುವ ಆ ಊರಿನವರಿಗೆ ಹಿಟ್ಟು ತಿಗಣೆಯ ಪರಿಚಯ ಮಾಡಿಕೊಡಬೇಕಿಲ್ಲ. ಸೀಬೆಯ ಎಳೆ ಕುಡಿಗೆ, ಕಾಯಿಯ ತೊಟ್ಟಿಗೆ ಬೆಳ್ಳಗೆ ಮೆತ್ತಿಕೊಂಡು ರಸ ಹೀರುವುದು ಹೆಣ್ಣು, ಅದಕ್ಕೆ ರೆಕ್ಕೆಯಿಲ್ಲ. ಗಂಡು ರೆಕ್ಕೆಯ ಪುಟ್ಟ ಹುಳು. ಬೆಳೆದ ಮೇಲೆ ಏನನ್ನೂ ತಿನ್ನದೆ ಬೇಗನೆ ಸಾಯುತ್ತದೆ. ಇಷ್ಟು ಬೇರೆಯಾಗಿ ಕಾಣುವ ಇವೆರಡಕ್ಕೂ ಪ್ರತ್ಯೇಕ ಲಿಂಗ ಕ್ರೋಮೋಸೋಮ್ ಇಲ್ಲ. ಗಂಡಿನಲ್ಲಿ ಅಪ್ಪನಿಂದ ಬಂದ ಇಡೀ ಕ್ರೋಮೋಸೋಮ್ ಗುಂಪು ಮುದುಡಿ ಕೆಲಸ ನಿಲ್ಲಿಸುತ್ತದೆ. ಹೆಣ್ಣಿನಲ್ಲಿ ಎರಡೂ ಗುಂಪು ದುಡಿಯುತ್ತವೆ. ಮುದುಡುವುದು ಅಪ್ಪನ ಪಾಲೇ ಎಂದು 1961ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ವಿಕಿರಣದ ಪ್ರಯೋಗದಿಂದ ತೋರಿಸಿದರು.

ಈ ಹುಳುವಿನಿಂದ ಮನುಷ್ಯನ ಕಡೆಗೆ ನಡೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ. 1975ರಲ್ಲಿ ಬ್ರೌನ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಸಸ್ತನಿಗಳ ಎಕ್ಸ್ ಕ್ರೋಮೋಸೋಮ್ ಬಗ್ಗೆ ಬರೆದರು. 1985ರಲ್ಲಿ ಇನ್ನೂ ದಿಟ್ಟ ಮಾತು ಮುಂದಿಟ್ಟರು: ಪ್ರೋಟೀನ್ ತಯಾರಿಸದ ಡಿಎನ್‌ಎಗೂ ಲಿಂಗ ನಿರ್ಧಾರದಲ್ಲಿ ಪಾತ್ರವಿರಬಹುದು. ಐದೇ ವರ್ಷಕ್ಕೆ ಲಂಡನ್ನಿನಲ್ಲಿ ವೈ ಮೇಲಿನ ಎಸ್‌ಆರ್‌ವೈ ಜೀನ್ ಪತ್ತೆಯಾಯಿತು. ಅದು ಪ್ರೋಟೀನ್ ತಯಾರಿಸುವ ಜೀನೇ. ಹಾಗಾಗಿ ಶರತ್ ಚಂದ್ರರು ಊಹಿಸಿದ ದಾರಿ ಹಾಗೆಯೇ ನಿಲ್ಲಲಿಲ್ಲ. ಆದರೂ ಜೀನಿನ ಆಚೆಗಿನ ಡಿಎನ್‌ಎ ಕಡೆಗೆ ನೋಡಿ ಎಂದ ಅವರ ದೃಷ್ಟಿಯ ಬೆಲೆ ಈಗ ತಿಳಿಯುತ್ತಿದೆ.

ಭ್ರೂಣದಲ್ಲಿ ಆರೇಳು ವಾರದವರೆಗೆ ಜನನಗ್ರಂಥಿ ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ಆಗ ಎಸ್‌ಆರ್‌ವೈ ಎದ್ದು, 17ನೇ ಕ್ರೋಮೋಸೋಮಿನ ಸಾಕ್ಸ್9 ಎಂಬ ಜೀನನ್ನು ಎಬ್ಬಿಸುತ್ತದೆ. ವೃಷಣ ಕಟ್ಟುವ ಕೆಲಸ ಸಾಕ್ಸ್9ನದು.

ಕೊಳವೆಬಾವಿಯ ಮೋಟಾರು ನೆನೆಸಿಕೊಳ್ಳಿ. ಮೋಟಾರು ನೆಲದಾಳದಲ್ಲಿ, ಸ್ಟಾರ್ಟರ್ ದೂರದ ಶೆಡ್ಡಿನಲ್ಲಿ. ಸ್ಟಾರ್ಟರ್ ಕೆಟ್ಟರೆ ಮೋಟಾರನ್ನು ಮೇಲೆತ್ತಿ ಬಿಚ್ಚಿ ನೋಡಿದರೂ ದೋಷ ಕಾಣದು, ನೀರೂ ಬಾರದು. ಸ್ಟಾರ್ಟರ್ ಅಂಟಿಕೊಂಡರೆ ಯಾರೂ ಒತ್ತದೆಯೇ ಮೋಟಾರು ಓಡುತ್ತದೆ. ಜೀನ್ ಮೋಟಾರಾದರೆ, ಅದನ್ನು ಚಾಲೂ ಮಾಡುವ ಡಿಎನ್‌ಎ ತುಣುಕೇ ಸ್ಟಾರ್ಟರ್. ಸಾಕ್ಸ್9ನ ಅಂಥ ಒಂದು ಸ್ಟಾರ್ಟರನ್ನು 2018ರಲ್ಲಿ ನಿಟ್ಸಾನ್ ಗೋನೆನ್, ರಾಬಿನ್ ಲವೆಲ್-ಬ್ಯಾಜ್ ಮತ್ತು ಸಂಗಡಿಗರು ಇಲಿಯಲ್ಲಿ ಹಿಡಿದರು. ಜೀನಿನಿಂದ 5.65 ಲಕ್ಷ ಬೇಸ್ ಜೋಡಿ ದೂರದಲ್ಲಿದ್ದ ಅದರ ಉದ್ದ ಬರೀ 557 ಜೋಡಿ. ಎರಡೂ ಪ್ರತಿಗಳಿಂದ ಅಷ್ಟನ್ನು ಕತ್ತರಿಸಿ ತೆಗೆದಾಗ ಎಕ್ಸ್‌ವೈ ಇಲಿಗಳಲ್ಲಿ ಅಂಡಾಶಯ ಬೆಳೆಯಿತು. ಎಸ್‌ಆರ್‌ವೈ, ಸಾಕ್ಸ್9 ಎರಡೂ ಜೀನ್ ಇದ್ದೂ!

ಮನುಷ್ಯರಲ್ಲೂ ಸಾಕ್ಸ್9ನ ಆಚೆಗಿನ ಇಂಥ ಭಾಗ ಕಳೆದುಹೋದ ಎಕ್ಸ್‌ವೈ ವ್ಯಕ್ತಿಗಳಲ್ಲಿ ವೃಷಣ ಬೆಳೆದಿಲ್ಲ. ಅದು ಇಮ್ಮಡಿಯಾದ ಕೆಲವು ಎಕ್ಸ್‌ಎಕ್ಸ್ ವ್ಯಕ್ತಿಗಳಲ್ಲಿ ಎಸ್‌ಆರ್‌ವೈ ಇಲ್ಲದೆಯೇ ವೃಷಣ ಬೆಳೆದಿದೆ. ಎಕ್ಸ್‌ವೈ ಇದ್ದೂ ಹೆಣ್ಣಾಗಿ ಬೆಳೆಯಲು ಬೇರೆ ಕಾರಣಗಳೂ ಇವೆ. ವೃಷಣ ಸರಿಯಾಗಿದ್ದು, ಅದರ ಹಾರ್ಮೋನಿಗೆ ದೇಹ ಸ್ಪಂದಿಸದಿರುವುದು ಅವುಗಳಲ್ಲೊಂದು.

ಜೀನುಗಳನ್ನಷ್ಟೇ ಓದುವ ಪರೀಕ್ಷೆ ಡಿಎನ್‌ಎಯ ಶೇ. 2ರಷ್ಟನ್ನೂ ನೋಡುವುದಿಲ್ಲ. "ದೋಷ ಕಂಡಿಲ್ಲ" ಎಂಬ ವರದಿ ಬಂದರೆ ಕಾರಣವೇ ಇಲ್ಲವೆಂದಲ್ಲ, ಪಾಪದ ಫಲ ಎನ್ನುವ ಮಾತಿಗಂತೂ ಅರ್ಥವೇ ಇಲ್ಲ. ನವಜಾತ ಶಿಶುವಿನ ಜನನಾಂಗ ಸ್ಪಷ್ಟವಾಗಿಲ್ಲದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ: ಅಡ್ರಿನಲ್ ಗ್ರಂಥಿಯ ತೊಂದರೆಯಿದ್ದರೆ ದೇಹದ ಉಪ್ಪು ಸೋರಿ ಜೀವಕ್ಕೇ ಅಪಾಯ. ಜೀವ ಉಳಿಸುವ ಚಿಕಿತ್ಸೆಗೆ ಆತುರ ಬೇಕು. ಕೂಸನ್ನು ಗಂಡೋ ಹೆಣ್ಣೋ ಆಗಿ ಕಾಣಿಸಲೆಂದೇ ಮಾಡುವ ಶಸ್ತ್ರಚಿಕಿತ್ಸೆಗೆ ಆತುರ ಬೇಡ. ಆ ಮಗು ಬೆಳೆದು ತನ್ನ ಮಾತು ತಾನೇ ಹೇಳುವವರೆಗೆ ಅದು ಕಾಯಬಹುದು.