ದಾರಿ ಬದಲಿಸುವ ಆತುರ

ಬರ್ಲಿನ್ನಿನ ಫ್ರೈಫುಂಕ್ ಬಳಗದವರು ಮನೆಗಳ ಚಾವಣಿಗೆ ವೈಫೈ ರೂಟರ್ ಕಟ್ಟಿ, ಒಂದರಿಂದ ಇನ್ನೊಂದಕ್ಕೆ ಇಂಟರ್ನೆಟ್ ದಾಟಿಸುವ ಮೆಶ್ ಜಾಲ ಹೆಣೆಯಲು ಹೊರಟಾಗ ನೆಚ್ಚಿಕೊಂಡದ್ದು 2003ರಲ್ಲಿ ಪ್ರಕಟವಾದ ಓಎಲ್‌ಎಸ್‌ಆರ್ ಪ್ರೋಟೊಕಾಲನ್ನು. ಕಾಗದದಲ್ಲಿ ಸೊಗಸಾಗಿದ್ದ ಅದು ಚಾವಣಿಯಲ್ಲಿ ಕೈಕೊಟ್ಟಿತು.

ಏಕೆಂದು ನೋಡಿ. ಅಕ್ಕಪಕ್ಕದ ರೂಟರ್‌ಗಳು 2 ಸೆಕೆಂಡಿಗೊಮ್ಮೆ ಪರಸ್ಪರ ‘ಹಲೋ’ ಅನ್ನುತ್ತಿರಬೇಕು. ಒಂದು ಹಲೋ ತಪ್ಪಿದರೆ ಲಿಂಕಿನ ಅಂಕ ಅರ್ಧಕ್ಕಿಳಿಯುತ್ತದೆ. 1 ಇದ್ದದ್ದು 0.5, ಮತ್ತೊಂದು ತಪ್ಪಿದರೆ 0.25. ಅಂಕ 0.3ರ ಕೆಳಗಿಳಿದರೆ ಲಿಂಕ್ ಸತ್ತಂತೆಯೇ ಲೆಕ್ಕ. ಕಿಕ್ಕಿರಿದ ನಗರದ ವೈಫೈಯಲ್ಲಿ ಸಾಲಾಗಿ ಎರಡು ಹಲೋ ಕಳೆದುಹೋಗುವುದು ಏನೂ ವಿಶೇಷವಲ್ಲ. ಅಷ್ಟಕ್ಕೇ ರೂಟರ್‌ಗಳೆಲ್ಲ ಹೊಸ ದಾರಿಯ ಲೆಕ್ಕ ಹಾಕಲು ಕೂರುತ್ತವೆ. ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲವಾದ್ದರಿಂದ ಒಂದು ರೂಟರ್ ಪ್ಯಾಕೆಟ್ಟನ್ನು ಪಕ್ಕದ್ದಕ್ಕೆ ತಳ್ಳುತ್ತದೆ, ಅದು ಇದಕ್ಕೇ ಹಿಂದಿರುಗಿಸುತ್ತದೆ, ಪ್ಯಾಕೆಟ್ ಕುಣಿಕೆಗೆ ಬೀಳುತ್ತದೆ.

ಬಳಗ ಆ ನಿಯಮವನ್ನೇ ಕೈಬಿಟ್ಟು, ಎಂಐಟಿಯ ರೂಫ್‌ನೆಟ್ ತಂಡ 2003ರಲ್ಲಿ ಮುಂದಿಟ್ಟ ಇಟಿಎಕ್ಸ್ ಎಂಬ ಅಳತೆಯನ್ನು ಹಿಡಿಯಿತು. ಒಂದು ಪ್ಯಾಕೆಟ್ ತಲುಪಲು ಸರಾಸರಿ ಎಷ್ಟು ಸಲ ಕಳಿಸಬೇಕು ಎಂಬುದೇ ಈ ಲೆಕ್ಕ. ಹೋಗುವಾಗ, ಬರುವಾಗ ಎರಡೂ ಕಡೆ ಶೇ 60ರಷ್ಟೇ ದಾಟುವ ಉದ್ದನೆಯ ಲಿಂಕಿಗೆ ಸುಮಾರು 2.78 ಸಲ ಬೇಕು. ಶೇ 90 ದಾಟುವ ಎರಡು ಗಿಡ್ಡ ಲಿಂಕ್‌ಗಳಿಗೆ ಒಟ್ಟು 2.47 ಸಾಕು. ಹತ್ತಿರದ ದಾರಿಗಿಂತ ಸುತ್ತುದಾರಿಯೇ ವಾಸಿ!

ಆದರೂ ತೊಯ್ದಾಟ ಪೂರ್ತಿ ನಿಲ್ಲಲಿಲ್ಲ. ಚೆನ್ನಾಗಿರುವ ದಾರಿಗೆ ಎಲ್ಲರೂ ನುಗ್ಗಿದರೆ ಅದು ಹದಗೆಡುತ್ತದೆ, ಖಾಲಿಯಾದ ಹಳೆಯ ದಾರಿ ಮತ್ತೆ ಚೆನ್ನಾಗಿ ಕಾಣುತ್ತದೆ, ಎಲ್ಲರೂ ಅತ್ತ ವಾಲುತ್ತಾರೆ. ಬೇಬಲ್ ಪ್ರೋಟೊಕಾಲ್ ಈ ರೋಗಕ್ಕೆ ಸೂಚಿಸುವ ಮದ್ದು ನನಗೆ ಬಹಳ ಹಿಡಿಸಿದೆ. ಹೊಸ ದಾರಿ ಈ ಕ್ಷಣಕ್ಕೆ ಮೇಲಾಗಿದ್ದರಷ್ಟೇ ಸಾಲದು, ಕೆಲಹೊತ್ತಿನ ಸರಾಸರಿಯಲ್ಲೂ ಮೇಲಾಗಿರಬೇಕು. ಇದ್ದ ದಾರಿ ಪೂರಾ ಕಡಿದುಹೋದರೆ ಮಾತ್ರ ಕಾಯುವ ಪ್ರಶ್ನೆಯಿಲ್ಲ. ಕುಣಿಕೆ ಬೀಳದಂತೆ ತಡೆಯುವ ಪ್ರತ್ಯೇಕ ಷರತ್ತೂ ಅದರಲ್ಲಿದೆ. 2021ರಲ್ಲಿ ಆರ್‌ಎಫ್‌ಸಿ 8966 ಆಗಿ ಹೊರಬಂದಿರುವ ಅದನ್ನು ಯಾರು ಬೇಕಾದರೂ ಓದಬಹುದು.

ನಿಮ್ಮ ಕಾಲೇಜಿನಲ್ಲೋ ಊರಲ್ಲೋ ಮೆಶ್ ಹಾಕುವುದಿದ್ದರೆ ಸ್ಪೀಡ್ ಟೆಸ್ಟ್ ಒಂದನ್ನೇ ನಂಬಬೇಡಿ. ವಾರವಿಡೀ ಲಾಗ್ ಇಟ್ಟು, ದಾರಿ ಎಷ್ಟು ಸಲ ಬದಲಾಯಿತೆಂದು ಎಣಿಸಿ ನೋಡಿ.