ನಮ್ಮನೆಯ ಗಿರಣಿ ಸುಮ್ಮನಾದ ಕಥೆ

ಏಪ್ರಿಲ್ ತಿಂಗಳ ಒಂದು ರಾತ್ರಿ, ಒಂದು ಗಂಟೆಯ ಹೊತ್ತು. ನೀರು ಕುಡಿಯೋಣವೆಂದು ಅಡುಗೆಮನೆಯ ದೀಪ ಹಾಕಿದರೆ, ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಅವ್ವ ಮಲಗಿದ್ದಳು. ಹಾಲ್‌ನಲ್ಲಿ ಅವಳಿಗೆಂದೇ ಹಾಕಿದ್ದ ಮಂಚ ಖಾಲಿ.

"ಇಲ್ಯಾಕ ಮಲಗೀದಿ ಅವ್ವಾ?"

"ಏನಿಲ್ಲೋ, ಅಲ್ಲಿ ನಿನ್ನ ಗಿರಣಿ ಸಪ್ಪಳ ಭಾಳ ಐತಿ. ಇಲ್ಲಿ ನೆಲ ತಂಪ ಐತಿ."

ಗಿರಣಿ ಅಂದರೆ ನನ್ನ ಗೇಮಿಂಗ್ ಲ್ಯಾಪ್‌ಟಾಪ್. ಹಗಲು ಆಫೀಸಿನ ಕೆಲಸ ಮುಗಿಸಿ ಬಂದು, ರಾತ್ರಿ ಮದುವೆ ಮುಂಜಿವೆಗಳ ವಿಡಿಯೋ ಎಡಿಟ್ ಮಾಡುತ್ತೇನೆ. ಪುಣೆಯ ಮನೆಸಾಲದ ಕಂತಿಗೆ ಅದೇ ಆಸರೆ. ಎಡಿಟಿಂಗ್‌ಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ನಮ್ಮ ಜೇಬಿಗೆ ಎಟುಕುವ ದರದಲ್ಲಿ ಅದು ಸಿಕ್ಕಿದ್ದು ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲೇ. ಭಾನುವಾರ ಅದು ಮಗನ ಪಾಲು, ಅವನ ಕಾರ್ ರೇಸು ಅದರಲ್ಲೇ. ಮೂರು ವರ್ಷ ಹಳೆಯದಾದ ಮೇಲೆ ಅದರ ಫ್ಯಾನುಗಳು ಎಕ್ಸ್‌ಪೋರ್ಟ್ ಬಟನ್ ಒತ್ತಿದೊಡನೆ ಜೋಳ ಬೀಸುವ ಗಿರಣಿಯಂತೆ ಹೊಯ್ಲಿಡುತ್ತಿದ್ದವು.

ಮರುದಿನ ಧಾರವಾಡದಿಂದ ಅಕ್ಕ ಫೋನು ಮಾಡಿದಳು. "ಅವ್ವ ಟಿಕೀಟ್ ತಗಿಸು ಅಂದಾಳ. ಅವನ ದುಡಿಮಿಗೆ ನಾ ಅಡ್ಡ ಆಗೂದು ಬ್ಯಾಡ ಅಂತ."

ಅಪ್ಪ ಹೋದ ಮೇಲೆ ಅವ್ವ ಎರಡು ವರ್ಷ ಊರ ಮನೆಯಲ್ಲಿ ಒಬ್ಬಳೇ ಇದ್ದಳು. ಹಟ ಹಿಡಿದು ಕರೆತಂದವನು ನಾನು. ಈಗ ಒಂದು ಫ್ಯಾನಿನ ಸಪ್ಪಳಕ್ಕೆ ವಾಪಸು ಕಳಿಸುವುದೇ? ಒಂದು ಬೆಡ್‌ರೂಮಿನ ಮನೆ ನಮ್ಮದು. ಒಳಗೆ ಹೆಂಡತಿ, ಮಗ ಮಲಗುತ್ತಾರೆ. ನಾನು ಕೂರುವ ಜಾಗ, ಅವ್ವ ಮಲಗುವ ಜಾಗ ಎರಡೂ ಹಾಲ್. ಕೆಲಸ ಬಿಟ್ಟರೆ ಕಂತು ನಿಲ್ಲುತ್ತದೆ. ಉಳಿದದ್ದು ಒಂದೇ ದಾರಿ, ಗಿರಣಿಯನ್ನು ಸುಮ್ಮನಾಗಿಸುವುದು. ನಮ್ಮಂಥದೇ ಮನೆಗಳಲ್ಲಿರುವ ಓದುಗರಿಗೆ ಉಪಯೋಗವಾಗಲೆಂದು, ನಾನು ಮಾಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ಸಪ್ಪಳ ಯಾಕೆ ಬರುತ್ತದೆ ಎಂದು ತಿಳಿದುಕೊಂಡೆ. ಭಾರದ ಕೆಲಸ ಮಾಡುವಾಗ ಇಂಥ ಲ್ಯಾಪ್‌ಟಾಪಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಸೇರಿ ನೂರು ವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುತ್ತವೆ. ಅದೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಹಳೆಯ ಕಾಲದ 60 ವ್ಯಾಟಿನ ಎರಡು ಬಲ್ಬುಗಳನ್ನು ಒಂದು ಮಿಠಾಯಿ ಡಬ್ಬಿಯಲ್ಲಿ ಮುಚ್ಚಿಟ್ಟಂತೆ. ಚಿಪ್ಪಿನ ಮೇಲಿರುವ ತಾಮ್ರದ ಕೊಳವೆಯೊಳಗೆ ಚೂರು ದ್ರವವಿರುತ್ತದೆ. ಅದು ಬಿಸಿ ತುದಿಯಲ್ಲಿ ಆವಿಯಾಗಿ, ಇನ್ನೊಂದು ತುದಿಯಲ್ಲಿ ತಣಿದು ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ತೆಳು ರೆಕ್ಕೆಗಳಿರುತ್ತವೆ. ಫ್ಯಾನು ಅವುಗಳ ನಡುವೆ ಗಾಳಿ ಊದಿ ಶಾಖವನ್ನು ಹೊರಗೆ ತಳ್ಳುತ್ತದೆ, ಅಷ್ಟೇ. ಊದುವುದು ಕೋಣೆಯ ಗಾಳಿಯನ್ನೇ. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಸುಮ್ಮನಿದ್ದ ಯಂತ್ರ ಏಪ್ರಿಲ್‌ನಲ್ಲಿ ಕಿರುಚುವುದು ಇದಕ್ಕೇ.

ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಉಷ್ಣತೆ ನೋಡಿದೆ. ಪ್ರೊಸೆಸರ್ 98 ಡಿಗ್ರಿ, ಗ್ರಾಫಿಕ್ಸ್ 86. ಇಂಟೆಲ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ನನಗೆ ಸಪ್ಪಳವೂ ಆಗುತ್ತಿತ್ತು, ಕೆಲಸವೂ ತಡವಾಗುತ್ತಿತ್ತು.

ಮೊದಲ ಕೆಲಸಕ್ಕೆ ಖರ್ಚಿಲ್ಲ. ನಾನು ದಿವಾನದ ಗಾದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಗಾಳಿ ಎಳೆಯುವ ಕಿಂಡಿಗಳು ಅಡಿಯಲ್ಲಿರುತ್ತವೆ, ಗಾದಿ ಅವನ್ನು ಮುಚ್ಚುತ್ತಿತ್ತು. ಟೇಬಲ್ಲಿಗೆ ಬದಲಾಯಿಸಿ, ಹಿಂಭಾಗದ ಅಡಿ ಎರಡು ಸೆಂಟಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟೆ. ನಾಲ್ಕು ಡಿಗ್ರಿ ಇಳಿಯಿತು. ಉತ್ಸಾಹದಲ್ಲಿ ಒಂದು ಕೂಲಿಂಗ್ ಪ್ಯಾಡ್ ಕೂಡ ತಂದೆ. ಅದರ ಫ್ಯಾನಿನದೇ ಬೇರೆ ಸಪ್ಪಳ. ಈಗ ಅದು ಅಟ್ಟದ ಮೇಲಿದೆ.

ಎರಡನೆಯದು ಧೂಳು. ವಾರಂಟಿ ಮುಗಿದಿದ್ದರಿಂದ ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಒಯ್ದೆ. ಅಂಗಡಿಯ ಹುಡುಗ ಅಡಿಯ ಮುಚ್ಚಳ ತೆಗೆದು, "ಕಾಕಾ, ಹೀ ಧೂಳ ಬಘಾ" ಎಂದು ತೋರಿಸಿದ. ರೆಕ್ಕೆಗಳ ಮುಂದೆ ಧೂಳು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿತ್ತು. ನಮ್ಮ ಬಿಲ್ಡಿಂಗ್ ಎದುರು ಎರಡು ವರ್ಷದಿಂದ ಕಟ್ಟಡ ಕೆಲಸ ನಡೆದಿದೆ, ಇನ್ನೇನಾದೀತು? ಅವನು ಬ್ಯಾಟರಿಯ ತಂತಿ ಬಿಡಿಸಿದ ಮೇಲೆಯೇ ಕೈ ಹಾಕಿದ. ಫ್ಯಾನಿನ ಎಲೆಗಳನ್ನು ಒಂದು ಕಡ್ಡಿಯಿಂದ ತಡೆಹಿಡಿದು ಗಾಳಿ ಊದಿದ. ಹಾಗೆ ಹಿಡಿಯದಿದ್ದರೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಕೆಡಬಹುದು. ಚಿಪ್ಪಿನ ಮೇಲೆ ಒಣಗಿ ಹಪ್ಪಳಿಕೆಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಮನೆಗೆ ಬಂದು ನೋಡಿದರೆ ಇನ್ನೂ ಎಂಟು ಡಿಗ್ರಿ ಕಡಿಮೆ. ಒಂದು ಎಚ್ಚರಿಕೆ: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಒಂದು ಹನಿ ತಪ್ಪಿ ಬಿದ್ದರೂ ಬೋರ್ಡ್ ಹೋದಂತೆ. ನಿಮ್ಮದು ಅಂಥದೇ ಎಂದು ಕೇಳಿ ತಿಳಿದುಕೊಳ್ಳದೆ ಬಿಚ್ಚಬೇಡಿ.

ಮೂರನೆಯದು, ಶಾಖ ಹುಟ್ಟುವುದನ್ನೇ ಕಡಿಮೆ ಮಾಡುವುದು. ದೊಡ್ಡ ಬದಲಾವಣೆ ಆದದ್ದು ಇಲ್ಲೇ. ಪ್ರೊಸೆಸರ್ ಟರ್ಬೋ ವೇಗಕ್ಕೆ ಏರುವಾಗ ವೋಲ್ಟೇಜೂ ಏರುತ್ತದೆ. ಶಾಖ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಹಾಗಾಗಿ ಕೊನೆಯ ಚೂರು ವೇಗಕ್ಕೆ ತೆರುವ ಬೆಲೆ ಬಲು ದುಬಾರಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೋ ನಿಲ್ಲುತ್ತದೆ. ನನ್ನದರಲ್ಲಿ 14 ನಿಮಿಷ ಹಿಡಿಯುತ್ತಿದ್ದ ಎಕ್ಸ್‌ಪೋರ್ಟ್ 17 ನಿಮಿಷಕ್ಕೆ ಹೋಯಿತು, ಆದರೆ ಉಷ್ಣತೆ 80ರ ಕೆಳಗೇ ಉಳಿಯಿತು. ಫ್ಯಾನಿನ ವೇಗ ಶೇಕಡಾ 20ರಷ್ಟು ಇಳಿದರೆ ಸಪ್ಪಳ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧದಷ್ಟೇ ಕೇಳಿಸುತ್ತದೆ.

ವೇಗ ಹಾಗೇ ಇಟ್ಟು ವೋಲ್ಟೇಜ್ ಮಾತ್ರ ಇಳಿಸುವ ದಾರಿಯೂ ಇದೆ, ಅದಕ್ಕೆ ಅಂಡರ್‌ವೋಲ್ಟ್ ಎನ್ನುತ್ತಾರೆ. 2019ರ ಕೊನೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಭದ್ರತಾ ದೋಷ ಬಯಲಾದ ಮೇಲೆ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗೆ ಆ ಬಾಗಿಲು ಮುಚ್ಚಿದೆ. ನನ್ನದರಲ್ಲೂ ಮುಚ್ಚಿತ್ತು. ಗ್ರಾಫಿಕ್ಸ್ ಚಿಪ್ಪಿಗೆ ಮಾತ್ರ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿದೆ. ಒಮ್ಮೆ ಪರದೆ ಹ್ಯಾಂಗ್ ಆಯಿತು. ರೀಸ್ಟಾರ್ಟ್ ಮಾಡಿ ಒಂದು ಹೆಜ್ಜೆ ಹಿಂದೆ ಬಂದೆ.

ಮಗನ ಆಟಕ್ಕೂ ಒಂದು ಲಗಾಮು ಬಿತ್ತು. ಪರದೆ 144 ಹರ್ಟ್ಸ್‌ನದು. ಆಟದ ಮೆನು ಸುಮ್ಮನೆ ತೆರೆದಿದ್ದರೂ ಚಿಪ್ಪು ಸೆಕೆಂಡಿಗೆ ನೂರಾರು ಚೌಕಟ್ಟು ಬಿಡಿಸುತ್ತ ಬೆವರುತ್ತಿತ್ತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾಕ್ಸ್ ಫ್ರೇಮ್ ರೇಟ್‌ನಲ್ಲಿ 60 ಎಂದು ಕಟ್ಟಿದೆ. "ಪಪ್ಪಾ, ಆಟದ ಮಜಾನೇ ಹೋಯ್ತು" ಎಂದು ಮುಖ ಊದಿಸಿಕೊಂಡ. ಚೌಕಾಸಿ ನಡೆದು 75ಕ್ಕೆ ಒಪ್ಪಂದವಾಯಿತು.

ಕೊನೆಯದು ವೇಳಾಪಟ್ಟಿ. ಕತ್ತರಿಸಿ ಜೋಡಿಸುವ ಕೆಲಸಕ್ಕೆ ಮೂಲ ವಿಡಿಯೋ ಬೇಕಿಲ್ಲ, ಅದರ ಚಿಕ್ಕ ನಕಲು ಸಾಕು. ಎಡಿಟಿಂಗ್‌ನವರು ಅದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಈಗ ರಾತ್ರಿ ಸೈಲೆಂಟ್ ಮೋಡ್‌ನಲ್ಲಿ ಅಷ್ಟನ್ನೇ ಮಾಡುತ್ತೇನೆ. ಭಾರದ ಎಕ್ಸ್‌ಪೋರ್ಟ್‌ಗಳೆಲ್ಲ ಬೆಳಿಗ್ಗೆ ಆರೂವರೆಗೆ, ಅವ್ವ ಗುಡಿಗೆ ಹೋದಾಗ. ಇದು ಮೊದಲೇ ಹೊಳೆಯಬೇಕಿತ್ತು. ಗಡುವಿನ ಹೆದರಿಕೆಯಲ್ಲಿ, ಎಲ್ಲ ರಾತ್ರಿಯೇ ಮುಗಿಯಬೇಕೆಂದು ನಾನೇ ಹಟ ಹಿಡಿದಿದ್ದೆ.

ಮಾಡಬಾರದ್ದನ್ನೂ ಹೇಳಬೇಕು. ಸಪ್ಪಳ ಬೇಡವೆಂದು ಫ್ಯಾನನ್ನೇ ನಿಲ್ಲಿಸುವ ತಂತ್ರಾಂಶಗಳ ಗೋಜಿಗೆ ಹೋಗಬೇಡಿ. ಬಿಸಿಯಲ್ಲಿ ಬ್ಯಾಟರಿ ಬೇಗ ಮುದಿಯಾಗುತ್ತದೆ. ಸದಾ ಚಾರ್ಜರ್ ಸಿಕ್ಕಿಸಿ ಕೆಲಸ ಮಾಡುವವರು, ಸೌಲಭ್ಯವಿದ್ದರೆ ಚಾರ್ಜನ್ನು 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅದು ಬ್ಯಾಟರಿ ಊದಿದ ಗುರುತು. ತಕ್ಷಣ ಬಳಕೆ ನಿಲ್ಲಿಸಿ ತೋರಿಸಿ.

ಅವ್ವ ಹಾಲ್‌ನ ಮಂಚಕ್ಕೆ ಮರಳಿದಳು. ನಾನು ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ. ಹತ್ತು ದಿನ ಕಳೆದಿರಬೇಕು, ಒಂದು ರಾತ್ರಿ ಕತ್ತಲಲ್ಲೇ ಎದ್ದು ಕೂತಳು.

"ಯಪ್ಪಾ, ಗಿರಣಿ ಬಂದ್ ಆಗೇತೇನು? ಕೆಲಸ ಬರೂದು ನಿಂತತೇನು?"

"ಇಲ್ಲವ್ವಾ, ನಡದೈತಿ. ಇಲ್ಲಿ ನೋಡು."

ಪರದೆಯ ಮೇಲೆ ಯಾರದೋ ಮದುವೆಯ ಅಕ್ಷತೆ ಬೀಳುತ್ತಿತ್ತು. ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತು ನೋಡಿದಳು. ಮದುಮಗಳ ಸೀರೆ ಇಳಕಲ್‌ದೋ ಏನೋ ಎಂದು ವಿಚಾರಿಸಿದಳು. ಆಮೇಲೆ ಹೋಗಿ ಮಲಗಿ, ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದಳು. ಆ ಸಪ್ಪಳಕ್ಕೆ ನನ್ನ ಬಳಿ ಯಾವ ಸೆಟ್ಟಿಂಗೂ ಇಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ಅಕ್ಕನ ಫೋನು ಬಂತು. "ಟಿಕೀಟ್ ದೀಪಾವಳಿಗೆ ತಗಿಸು, ಈಗ ಬ್ಯಾಡ ಅಂದಾಳ."