ಸಿಂಥ್ ಕಸಿದ ಬೇಸ್ ಪೆಡಲ್‌ನಲ್ಲಿ ವಾಪಸ್!

ಸೊಲ್ಲಾಪುರ: ಗಡ್ಡಾ ಜಾತ್ರೆ ಇರಲಿ, ಗಣೇಶೋತ್ಸವ ಇರಲಿ, ಮದುವೆಯ ಹಿಂದಿನ ರಾತ್ರಿ ಇರಲಿ, ಗಡಿಭಾಗದ ಆರ್ಕೆಸ್ಟ್ರಾಗಳಿಗೆ ಒಂದು ಪದ್ಧತಿ ಇದೆ. ಮೊದಲು ಗಣಪತಿ ಹಾಡು, ಆಮೇಲೆ ಒಂದು ಮರಾಠಿ, ಒಂದು ಕನ್ನಡ, ನಡುನಡುವೆ ಹಿಂದಿ. ಗಡಿಯಾರ ರಾತ್ರಿ ಹತ್ತಕ್ಕೆ ಹತ್ತಿರ ಬಂತು ಎನ್ನುವಾಗ 80ರ ದಶಕದ ಡಿಸ್ಕೊ ಹಾಡು ಶುರು. ಆಗ ಕುಣಿಯುವ ಹುಡುಗರಷ್ಟೇ ಅಲ್ಲ, ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ ಕಾಕಾ, ಮಾಮಾಗಳ ಕಾಲೂ ಸುಮ್ಮನಿರುವುದಿಲ್ಲ.

ಆ ಕಾಲು ಆಡಿಸುವ ದನಿ ಯಾವುದು? ಹಾಡಿನ ಕೆಳಗೆ ‘ಡುಂಯ್, ಡುಂಯ್’ ಎಂದು ರಬ್ಬರ್ ಎಳೆದಂತೆ ಕೇಳುವ ದಪ್ಪ ಸ್ವರ. ಅದೇ ಸಿಂಥ್ ಬೇಸ್, ಅರ್ಥಾತ್ ಸಿಂಥಸೈಜರ್ ಯಂತ್ರದಿಂದ ಹುಟ್ಟಿದ ಮಂದ್ರ ದನಿ. ಅನೇಕ ಸಣ್ಣ ತಂಡಗಳಲ್ಲಿ ಬೇಸ್ ಗಿಟಾರ್‌ನವನ ಕೆಲಸಕ್ಕೆ ಕುತ್ತು ತಂದದ್ದೂ ಇದೇ ದನಿ.

‘ಕೀಬೋರ್ಡ್‌ನವನ ಎಡಗೈ ಖಾಲೀನ ಐತಲ್ಲ, ಬೇಸ್‌ನವ ಮತ್ತ್ಯಾಕ ಬೇಕು?’ ಸುಪಾರಿ ಹಿಡಿದ ಮಾಲೀಕ ಹೀಗೆ ಕೇಳಿದರೆ ಉತ್ತರ ಹೇಳುವುದು ಕಷ್ಟ. ಒಬ್ಬ ಕಡಿಮೆಯಾದರೆ ಒಂದು ಪಾಲು ಉಳಿಯಿತು, ಜೀಪಿನಲ್ಲಿ ಒಂದು ಜಾಗವೂ ಉಳಿಯಿತು. ಆದರೆ ಈಗ ಗಾಳಿ ತಿರುಗಿದೆ. ಅದೇ ಹಳೆಯ ಸಿಂಥ್ ದನಿಯನ್ನು ನಾಲ್ಕು ತಂತಿಯ ಬೇಸ್ ಗಿಟಾರ್‌ನಲ್ಲೇ ತೆಗೆಯುವ ದಾರಿ ಜಗತ್ತಿನಾದ್ಯಂತ ವಾದಕರಿಗೆ ಗೊತ್ತಾಗಿದೆ. ಬೇಕಾದದ್ದು ಕಾಲ ಬುಡದಲ್ಲಿ ಎರಡೋ ಮೂರೋ ಪೆಡಲ್, ಮತ್ತು ಹದವಾದ ಬೆರಳು.

ಬೇಸ್‌ನವನ ಬದಲಿಗೆ ಬಂದ ಪೆಟ್ಟಿಗೆ

ಈ ಕಥೆಯಲ್ಲಿ ಒಂದು ಮೋಜಿನ ತಿರುವು ಇದೆ. 1981ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ‘ಟಿಬಿ-303’ ಎಂಬ ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆ ತಂದಿತು. ಬೇಸ್ ವಾದಕ ಸಿಗದ ಗಿಟಾರ್‌ನವನು ಒಬ್ಬನೇ ಕೂತು ಅಭ್ಯಾಸ ಮಾಡಲಿ, ಬೇಸ್ ಭಾಗವನ್ನು ಯಂತ್ರ ನುಡಿಸಲಿ ಎಂಬುದು ಉದ್ದೇಶ. ಆದರೆ ಅದರ ದನಿ ಬೇಸ್ ಗಿಟಾರ್‌ನ ಹತ್ತಿರಕ್ಕೂ ಬರಲಿಲ್ಲ. ಸ್ವರಗಳನ್ನು ಒಂದೊಂದಾಗಿ ತುಂಬುವುದೂ ತಲೆನೋವಾಗಿತ್ತು. ಸುಮಾರು 10 ಸಾವಿರ ಪೆಟ್ಟಿಗೆ ತಯಾರಾಗಿ, 1984ರಲ್ಲಿ ಉತ್ಪಾದನೆಯೇ ನಿಂತಿತು.

ಸೋತ ಪೆಟ್ಟಿಗೆ ಹಳೆ ಸಾಮಾನಿನ ಅಂಗಡಿ ಸೇರಿತು. ಅಲ್ಲಿಂದ ಅಗ್ಗಕ್ಕೆ ಕೊಂಡ ಅಮೆರಿಕದ ಶಿಕಾಗೋ ಹುಡುಗರು ಅದರ ಗುಂಡಿಗಳನ್ನು ಮನಸೋಇಚ್ಛೆ ತಿರುಗಿಸಿದರು. ‘ಫ್ಯೂಚರ್’ ಎಂಬ ತಂಡ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಬಿಡುಗಡೆ ಮಾಡಿತು. ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತದ ಪ್ರಕಾರಕ್ಕೇ ಅದು ಹೆಸರು ಕೊಟ್ಟಿತು.

ಆದರೆ ಅದಕ್ಕೂ ಐದು ವರ್ಷ ಮೊದಲು, ಇದೇ ಪೆಟ್ಟಿಗೆಯನ್ನು ಬೇರೆಯೇ ಕೆಲಸಕ್ಕೆ ಹಚ್ಚಿದವರು ಮುಂಬಯಿಯಲ್ಲಿದ್ದರು. ಅವರೇ ಚರಣಜಿತ್ ಸಿಂಗ್. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಬೇಸ್ ಗಿಟಾರ್ ನುಡಿಸಿ ಬದುಕಿದವರು. ಟಿಬಿ-303, ಟಿಆರ್-808 ತಾಳಯಂತ್ರ ಮತ್ತು ಜುಪಿಟರ್-8 ಸಿಂಥ್, ಈ ಮೂರನ್ನು ಜೋಡಿಸಿ 1982ರಲ್ಲಿ ಅವರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ತಟ್ಟೆ ಮಾಡಿದರು. ತೋಡಿ, ಯಮನ್, ಮಾಲಕಂಸ್ ಸೇರಿ ಹತ್ತು ರಾಗಗಳು ಡಿಸ್ಕೊ ತಾಳಕ್ಕೆ ಹೊಂದಿಕೊಂಡವು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ನೆದರ್ಲೆಂಡ್ಸ್‌ನ ಕಂಪನಿಯೊಂದು ಮರುಬಿಡುಗಡೆ ಮಾಡಿದಾಗ ‘ಶಿಕಾಗೋಕ್ಕಿಂತ ಮೊದಲೇ ಮುಂಬಯಿಯಲ್ಲಿ ಆ್ಯಸಿಡ್ ಹೌಸ್ ಹುಟ್ಟಿತ್ತೇ?’ ಎಂದು ಪಶ್ಚಿಮದವರು ಬೆರಗಾದರು. ವಯಸ್ಸಾದ ಮೇಲೆ ಯುರೋಪಿನ ವೇದಿಕೆಗಳನ್ನೂ ಕಂಡ ಚರಣಜಿತ್ 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಬೇಸ್‌ನವನ ಬದಲಿಗೆ ಬಂದ ಯಂತ್ರವನ್ನು ಪಳಗಿಸಿದ್ದು ಒಬ್ಬ ಬೇಸ್ ವಾದಕನೇ ಎಂಬುದು ಗಮನಿಸಬೇಕಾದ ಮಾತು. ಇಷ್ಟಾದರೂ ಮುಂಬಯಿಯ ಸಿನಿಮಾ ಸಂಗೀತದಲ್ಲಿ ಯಂತ್ರಗಳದೇ ಮೇಲುಗೈಯಾಯಿತು. 90ರ ದಶಕ ಮುಗಿಯುವಷ್ಟರಲ್ಲಿ ಹತ್ತಾರು ಜನರ ಆರ್ಕೆಸ್ಟ್ರಾ ಕೂತು ನುಡಿಸುವ ಪದ್ಧತಿ ಹೆಚ್ಚುಕಡಿಮೆ ಕರಗಿಹೋಯಿತು.

ಗರಗಸ ಮತ್ತು ಜರಡಿ

ಸಿಂಥ್ ದನಿ ಬೇಸ್ ಗಿಟಾರ್‌ನಲ್ಲಿ ಬರಬೇಕಾದರೆ ಸಿಂಥ್ ಒಳಗೆ ಏನು ನಡೆಯುತ್ತದೆ ಎಂಬುದು ಮೊದಲು ತಿಳಿಯಬೇಕು. ರಾಬರ್ಟ್ ಮೂಗ್ ಅವರ ಕಂಪನಿಯ ‘ಮಿನಿಮೂಗ್’ 1970ರಲ್ಲಿ ಬಂತು. ಅದರ ಹಾದಿ ಸರಳ. ಮೊದಲು ಆಸಿಲೇಟರ್ ಒರಟಾದ ದನಿ ಹುಟ್ಟಿಸುತ್ತದೆ. ಅದರ ಅಲೆ ಗರಗಸದ ಹಲ್ಲಿನಂತೆಯೋ ಚೌಕಾಕಾರವಾಗಿಯೋ ಇರುತ್ತದೆ. ಆಮೇಲೆ ಫಿಲ್ಟರ್ ಆ ಒರಟುತನವನ್ನು ಕತ್ತರಿಸುತ್ತದೆ. ಜೋಳದ ಹಿಟ್ಟನ್ನು ಜರಡಿ ಹಿಡಿದಂತೆ ಅನ್ನಿ: ನುಣ್ಣನೆಯ ಕೆಳಸ್ವರ ಕೆಳಗೆ ಇಳಿಯುತ್ತದೆ, ಚೂಪಾದ ಮೇಲ್‌ಸ್ವರ ಜರಡಿಯಲ್ಲೇ ಉಳಿಯುತ್ತದೆ. ಒಂದೇ ವ್ಯತ್ಯಾಸ, ಈ ಜರಡಿಯ ಕಣ್ಣು ಪ್ರತಿ ಸ್ವರಕ್ಕೂ ದೊಡ್ಡದಾಗಿ ಮತ್ತೆ ಸಣ್ಣದಾಗುತ್ತದೆ. ‘ಡುಂಯ್’ ಎಂಬುದರಲ್ಲಿರುವ ‘ಯ್’ ಹುಟ್ಟುವುದು ಅಲ್ಲಿಯೇ.

ಬೇಸ್ ಗಿಟಾರ್‌ನ ತಂತಿ ಹಾಗಲ್ಲ. ಮೀಟಿದ ಕ್ಷಣ ಚುರುಕು, ಆಮೇಲೆ ಮೃದು. ಜರಡಿ ಹಿಡಿಯಲು ಅದರಲ್ಲಿ ತರಿ ಸಾಲುವುದಿಲ್ಲ. ಆದ್ದರಿಂದ ಮೊದಲು ದನಿಯನ್ನು ಒರಟು ಮಾಡಬೇಕು, ಆಮೇಲೆ ಕತ್ತರಿಸಬೇಕು. ಇಡೀ ವಿದ್ಯೆ ಇಷ್ಟೇ.

ಪೆಡಲ್‌ಗಳ ಸಾಲು

ಮೊದಲನೆಯದು ಆಕ್ಟೇವ್ ಪೆಡಲ್. 1982ರಲ್ಲಿ ಬಂದ ಬಾಸ್ ಕಂಪನಿಯ ‘ಒಸಿ-2’ ಇದರಲ್ಲಿ ಪ್ರಸಿದ್ಧ. ಹಳೆಯ ಅನಲಾಗ್ ಆಕ್ಟೇವ್ ಪೆಡಲ್‌ಗಳು ತಂತಿಯ ಕಂಪನಗಳನ್ನು ಎಣಿಸಿ, ಎರಡಕ್ಕೊಂದರಂತೆ ಹೊಸ ಅಲೆ ಮಾಡುತ್ತವೆ. ಆ ಅಲೆ ಚೌಕಾಕಾರಕ್ಕೆ ಹತ್ತಿರ, ಅಂದರೆ ಸಿಂಥ್‌ನ ಸ್ವಂತ ತಮ್ಮ ಇದ್ದಂತೆ. ಮೂಲ ತಂತಿಯ ದನಿಯನ್ನು ಸೊನ್ನೆಗಿಳಿಸಿ ಕೆಳಗಿನ ಆಕ್ಟೇವ್ ಮಾತ್ರ ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಆದರೆ ಈ ಪೆಡಲ್‌ಗೆ ಒಂದು ಸಲಕ್ಕೆ ಒಂದೇ ಸ್ವರ ಅರ್ಥವಾಗುತ್ತದೆ. ಎರಡು ತಂತಿ ಒಟ್ಟಿಗೆ ಮೊಳಗಿದರೆ ಗೊರಗೊರ ಎನ್ನುತ್ತದೆ. ಹಾಗಾಗಿಯೇ ಇದನ್ನು ಸಾಲಿನ ಮೊದಲಿಗೆ, ಶುದ್ಧ ದನಿ ಸಿಗುವಲ್ಲಿ ಇಡುವುದು ವಾಡಿಕೆ.

ಎರಡನೆಯದು ಫಜ್. ದನಿಯನ್ನು ಗರಗರ ಮಾಡಿ ಜರಡಿಗೆ ತರಿ ಒದಗಿಸುವುದು ಇದರ ಕೆಲಸ.

ಮೂರನೆಯದು ಎನ್ವಲಪ್ ಫಿಲ್ಟರ್. 1972ರ ‘ಮ್ಯೂಟ್ರಾನ್-3’ ಇದರ ಹಿರಿಯಣ್ಣ. ಜೋರಾಗಿ ಮೀಟಿದರೆ ಜರಡಿ ಹೆಚ್ಚು ತೆರೆಯುತ್ತದೆ, ಮೆಲ್ಲಗೆ ಮೀಟಿದರೆ ಕಡಿಮೆ. ಇದರಲ್ಲಿ ‘ಸೆನ್ಸಿಟಿವಿಟಿ’ ಗುಂಡಿಯೇ ಮುಖ್ಯ. ಹೆಚ್ಚಾದರೆ ಜರಡಿ ಸದಾ ತೆರೆದೇ ಇರುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ನಿಮ್ಮ ಅತಿ ಮೆಲ್ಲಗಿನ ಮತ್ತು ಅತಿ ಜೋರಿನ ಮೀಟು ಎರಡನ್ನೂ ಪರೀಕ್ಷಿಸಿ, ನಡುವೆ ನಿಲ್ಲಿಸಬೇಕು.

ಇಲ್ಲೊಂದು ತೊಡಕು ಇದೆ. ಫಜ್ ಎಲ್ಲ ಮೀಟುಗಳನ್ನೂ ಒಂದೇ ಎತ್ತರಕ್ಕೆ ತಂದುಬಿಡುತ್ತದೆ. ಆಗ ಫಿಲ್ಟರ್‌ಗೆ ಜೋರು-ಮೆಲ್ಲಗೆ ಗೊತ್ತಾಗುವುದಿಲ್ಲ. ಫಜ್‌ನ ಪ್ರಮಾಣ ಇಳಿಸಿ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವುದು ಒಂದು ಉಪಾಯ. ಶುದ್ಧ ದನಿಯನ್ನು ಪ್ರತ್ಯೇಕವಾಗಿ ಕೇಳಿಸಿಕೊಳ್ಳುವ ‘ಟ್ರಿಗರ್’ ಸೌಲಭ್ಯದ ಫಿಲ್ಟರ್ ಕೊಳ್ಳುವುದು ಇನ್ನೊಂದು. ಕಂಪ್ರೆಸರ್ ಇದ್ದರೆ ಅದೂ ಫಿಲ್ಟರ್ ಆದ ಮೇಲೆ ಬರುವುದೇ ಒಳ್ಳೆಯದು.

ಲೆಕ್ಕ ತಪ್ಪಿದರೆ ದನಿ ಮಾಯ

ಅಂಕಿ-ಸಂಖ್ಯೆ ಸ್ವಲ್ಪ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ. ಬೇಸ್ ಗಿಟಾರ್‌ನ ದಪ್ಪ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆಕ್ಟೇವ್ ಪೆಡಲ್ ಅದನ್ನು ಅರ್ಧ ಮಾಡಿದರೆ 20 ಚಿಲ್ಲರೆ. ಮನುಷ್ಯನ ಕಿವಿಯ ಮಿತಿಯೇ ಸುಮಾರು 20. ಅಷ್ಟು ಕೆಳಗಿನ ದನಿ ಸಾಮಾನ್ಯ ಸ್ಪೀಕರ್‌ನಿಂದ ಹೊರಗೇ ಬರುವುದಿಲ್ಲ, ಕಾಯಿಲ್ ಮಾತ್ರ ಬಿಸಿಯಾಗುತ್ತದೆ. ಅದೇ ‘ಡಿ’ ತಂತಿಯ 7ನೇ ಫ್ರೆಟ್ ಒತ್ತಿದರೆ 110, ಅರ್ಧ ಮಾಡಿದರೆ 55. ಇದು ತೆರೆದ ‘ಎ’ ತಂತಿಯ ಸ್ವರ. ಮಂಟಪದ ಕೊನೆಯ ಸಾಲಿಗೂ ಮುಟ್ಟುತ್ತದೆ. ಆದ್ದರಿಂದ ಆಕ್ಟೇವ್ ಒತ್ತಿದಾಗ ಕೈ ಮೇಲೇರಬೇಕು, ದನಿ ತಾನೇ ಕೆಳಗಿಳಿಯುತ್ತದೆ.

ಇನ್ನೊಂದು ಲೆಕ್ಕ. ಸ್ವರ ಯಾವುದೆಂದು ಗುರುತಿಸಿ ಆಮೇಲೆ ಸಿಂಥ್ ದನಿ ಹೊರಡಿಸುವ ಡಿಜಿಟಲ್ ಸಾಧನಗಳೂ ಇವೆ. ಅವಕ್ಕೆ ಕನಿಷ್ಠ ಒಂದು ಪೂರ್ಣ ಕಂಪನವಾದರೂ ಕೇಳಿಸಬೇಕು. ‘ಇ’ ತಂತಿಯ ಒಂದು ಕಂಪನಕ್ಕೆ 24 ಮಿಲಿಸೆಕೆಂಡ್ ಬೇಕು, 110ರ ಸ್ವರಕ್ಕೆ 9 ಸಾಕು. ಕೆಳಸ್ವರದಲ್ಲಿ ಡ್ರಮ್‌ಗಿಂತ ಬೇಸ್ ಹಿಂದೆ ಬಿದ್ದಂತೆ ಅನಿಸಲು ಇದೂ ಒಂದು ಕಾರಣ. ಫಜ್ ಮತ್ತು ಫಿಲ್ಟರ್‌ಗೆ ಈ ತಡ ಇಲ್ಲ.

ನಾಲ್ಕು ದನಿ, ನಾಲ್ಕು ದಾರಿ

ಮಿನಿಮೂಗ್‌ನ ದಪ್ಪ ದನಿ: ಅಮೆರಿಕದ ಪಾರ್ಲಿಮೆಂಟ್ ತಂಡದ 1977ರ ‘ಫ್ಲ್ಯಾಶ್ ಲೈಟ್’ ಹಾಡಿನಲ್ಲಿ ಬೇಸ್ ಭಾಗವನ್ನು ಬರ್ನಿ ವೊರೆಲ್ ಮಿನಿಮೂಗ್‌ನಲ್ಲಿ ನುಡಿಸಿದರು. ತಂಡದ ಹೆಸರಾಂತ ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಆ ಹಾಡಿಗೆ ಡ್ರಮ್ಸ್ ಹಿಡಿದರು! ಈ ದನಿಗೆ ಆಕ್ಟೇವ್ ಮತ್ತು ಫಿಲ್ಟರ್ ಸಾಕು. ಕುತ್ತಿಗೆ ಕಡೆಯ ಪಿಕಪ್, ಟೋನ್ ಗುಂಡಿ ಕೆಳಗೆ.

ಟಿಬಿ-303: ಆಕ್ಟೇವ್ ಬೇಡ. ಫಜ್, ಮತ್ತು ‘ರೆಸೊನೆನ್ಸ್’ ಏರಿಸಿದ ಫಿಲ್ಟರ್. ಯಂತ್ರದಲ್ಲಿ ‘ಸ್ಲೈಡ್’ ಇದ್ದಲ್ಲಿ ಮತ್ತೆ ಮೀಟದೆ ಬೆರಳು ಜಾರಿಸಿ, ‘ಆ್ಯಕ್ಸೆಂಟ್’ ಇದ್ದಲ್ಲಿ ಜೋರಾಗಿ ಮೀಟಿ.

ಜಾರ್ಜಿಯೊ ಮೊರೊಡರ್ ಶೈಲಿಯ ಓಟ: ಡೊನಾ ಸಮ್ಮರ್ ಹಾಡಿದ 1977ರ ‘ಐ ಫೀಲ್ ಲವ್’ನಲ್ಲಿ ಬೇಸ್ ಸ್ವರಗಳನ್ನು ಡಿಲೇ ಮೂಲಕ ಇಮ್ಮಡಿಗೊಳಿಸಲಾಗಿತ್ತು. ನಿಮಿಷಕ್ಕೆ 120 ಬಡಿತದ ಹಾಡಾದರೆ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್. ಡಿಲೇ 125ಕ್ಕೆ ಇಟ್ಟು, ಒಂದೇ ಪ್ರತಿಧ್ವನಿ ಬಿಟ್ಟು, ಬಡಿತಕ್ಕೆ ಎರಡು ಸ್ವರ ನುಡಿಸಿದರೆ ಕೇಳುವವರಿಗೆ ನಾಲ್ಕು ಸಿಗುತ್ತವೆ.

ಯಮಾಹಾ ಡಿಎಕ್ಸ್-7: 1983ರ ಈ ಯಂತ್ರದ ಬೇಸ್ ಗಾಜಿನಂತೆ ಚುರುಕು. ಇಲ್ಲಿ ಫಜ್ ಬೇಡ. ಹೊಸ ತಂತಿ, ಹೆಬ್ಬೆರಳ ಏಟು, ಕಂಪ್ರೆಸರ್, ಚೂರು ಕೋರಸ್.

ಬೆರಳಿಗೆ ಬದಲಿ ಇಲ್ಲ

ಪೆಡಲ್ ಕೊಂಡವರೆಲ್ಲ ಎಡವುವುದು ಒಂದೇ ಕಡೆ: ಸ್ವರ ನಿಲ್ಲಿಸುವುದರಲ್ಲಿ. ಯಂತ್ರದ ಸ್ವರ ಗುಂಡಿ ಬಿಟ್ಟ ಕೂಡಲೇ ನಿಲ್ಲುತ್ತದೆ. ತಂತಿ ಹಾಗೆ ನಿಲ್ಲುವುದಿಲ್ಲ, ನಿಲ್ಲಿಸಬೇಕು. ಎಡಗೈ ಬೆರಳನ್ನು ಚೂರು ಸಡಿಲಿಸಿ, ಬಲ ಅಂಗೈಯನ್ನು ಬ್ರಿಡ್ಜ್ ಹತ್ತಿರ ಊರಿ, ಬೇಕಾದರೆ ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಗಿಸಿ ನುಡಿಸಿ. ಪೆಡಲ್ ಇಲ್ಲದೆ ಅರ್ಧ ಗಂಟೆ, ಪೆಡಲ್ ಹಚ್ಚಿ ಅರ್ಧ ಗಂಟೆ, ಹೀಗೆ ರೂಢಿಯಾದರೆ ಕೈ ತಾನಾಗಿ ಕಲಿಯುತ್ತದೆ.

ಅಡಾಪ್ಟರ್ ಬಗ್ಗೆಯೂ ಎಚ್ಚರ ಬೇಕು. ಬಹುತೇಕ ಪೆಡಲ್‌ಗಳು 9 ವೋಲ್ಟ್‌ನವು, ಪಿನ್ನಿನ ನಡುಭಾಗ ಋಣ. ಮನೆಯ ರೇಡಿಯೋದ ಅಡಾಪ್ಟರ್ ಸಿಗಿಸಿದರೆ ಪೆಡಲ್ ಸುಟ್ಟೀತು. ಎಲ್ಲ ಒಮ್ಮೆಲೇ ಕೊಳ್ಳಬೇಕೆಂದೂ ಇಲ್ಲ. ಫಿಲ್ಟರ್ ಒಂದರಿಂದ ಶುರುಮಾಡಿ, ಮುಂದಿನ ಹಂಗಾಮಿಗೆ ಆಕ್ಟೇವ್ ಸೇರಿಸಬಹುದು.

ಕೀಬೋರ್ಡ್‌ನವರ ಮೇಲೆ ಸಿಟ್ಟು ಮಾಡಿಕೊಳ್ಳುವ ಪ್ರಶ್ನೆಯೂ ಇಲ್ಲಿಲ್ಲ. ಎಡಗೈ ಬಿಡುವಾದರೆ ಅವರಿಗೂ ತುತ್ತೂರಿ, ವಯಲಿನ್ ಭಾಗ ತುಂಬಿ ನುಡಿಸಲು ಆಗುತ್ತದೆ, ಹಾಡಿಗೆ ಮೈ ಬರುತ್ತದೆ. ಮುಂದಿನ ಸುಪಾರಿಯಲ್ಲಿ ಒಂದೇ ಒಂದು ಹಾಡಿಗೆ ಆ ಎಡಗೈಗೆ ವಿಶ್ರಾಂತಿ ಕೊಡಿಸಿ, ಬೇಸ್ ಗಿಟಾರ್‌ಗೆ ಬಿಟ್ಟು ನೋಡಿ. ಹಿಂದಿನ ಸಾಲಿನ ಕಾಕಾಗಳ ಕಾಲು ತಾಳ ಹಾಕಿತೆಂದರೆ ಮಾಲೀಕನಿಗೆ ಬೇರೆ ಪುರಾವೆ ಬೇಕಾಗಿಲ್ಲ.